ಡಾಕ್ಟ್ರಿಗೆ ಸ್ಟ್ರೆಸ್ ಇದ್ಯಾ ಅಂತ ಕೇಳಿದ್ರೆ "ಏನಿಲ್ಲಮ್ಮ" ಅಂತಾರೆ, ಏನ್ಮಾಡ್ಲಿ?

ಪಿಜಿ_ಹುಡುಗಿ:
ಕಮ್ಯುನಿಟಿ ಮೆಡಿಸಿನ್ ಪಿಜಿ ನಾನು, ಸೆಕೆಂಡ್ ಇಯರ್. ಥೀಸಿಸ್‌ಗೆ ನಮ್ ಕಡೆ (ಊರ ಹೆಸ್ರು ಎಡಿಟ್ ಮಾಡಿ ತೆಗ್ದೆ, ಕೆಳಗೆ ನೋಡಿ) ಸ್ವಂತ ಕ್ಲಿನಿಕ್ ಇಟ್ಕೊಂಡಿರೋ ಫ್ಯಾಮಿಲಿ ಡಾಕ್ಟ್ರುಗಳ ಸ್ಟ್ರೆಸ್ ತಗೊಂಡಿದೀನಿ. ಕೆಲಸದಿಂದ ಎಷ್ಟು ಸುಸ್ತಾಗಿದಾರೆ (ಬರ್ನೌಟ್) ಅಂತ ಅಳೆಯೋ ಮ್ಯಾಸ್ಲಾಕ್ ಅವ್ರ 22 ಪ್ರಶ್ನೆ ಫಾರ್ಮ್ ಕೊಟ್ರೆ ಸ್ಕೋರ್ ಬರುತ್ತೆ, ಯಾಕೆ ಸುಸ್ತಾಗಿದಾರೆ ಅನ್ನೋದು ಬರಲ್ಲ ಅಂತ ಗೈಡ್ ಅಂದ್ರು, ಅದಕ್ಕೇ ಕೂತು ಮಾತಾಡ್ಸೋಣ ಅಂತ ಹೊರಟೆ. ನಾಲ್ಕು ಇಂಟರ್‌ವ್ಯೂ ಆಯ್ತು. "ಸ್ಟ್ರೆಸ್ ಇದ್ಯಾ ಸರ್" ಅಂದ್ರೆ ನಾಲ್ಕೂ ಜನ "ಅದೆಲ್ಲ ಇದ್ದಿದ್ದೇ ಬಿಡಮ್ಮ" ಅಂದು ಟೀ ತರಿಸ್ತಾರೆ, 11 ನಿಮಿಷಕ್ಕೆ ರೆಕಾರ್ಡಿಂಗ್ ಖಾಲಿ. ಎಲ್ಲಿ ಎಡವ್ತಿದೀನಿ?

ಹಳೇಸ್ಟೆತ್:
ನೋಡಮ್ಮ, ನಾನೂ ಅದನ್ನೇ ಹೇಳ್ತಿದ್ದೆ. ಹೊರಗೆ ಪೇಷಂಟ್ ಕೂತಿದಾರೆ, ಪಕ್ಕದಲ್ಲಿ ಕಾಂಪೌಂಡರ್, ಯಾರು ತಾನೇ ಹೌದು ಅಂತಾರೆ? ಮಧ್ಯಾಹ್ನ ಶಟರ್ ಅರ್ಧ ಇಳಿಸಿದ್ಮೇಲೆ ಹೋಗು. "ನಿನ್ನೆ ಬಾಗಿಲು ತೆಗ್ದಾಗಿಂದ ಏನೇನಾಯ್ತು ಹೇಳಿ ಸರ್" ಅನ್ನು, ಸಾಕು. ನನ್ ನಿನ್ನೆ ಕೇಳು: ರಾತ್ರಿ ತಟ್ಟೆ ಮುಂದೆ ಕೂತಿದೀನಿ, ವಾಟ್ಸಾಪಲ್ಲಿ ರಕ್ತದ ರಿಪೋರ್ಟ್ ಫೋಟೋ, ಅರ್ಧ ನೆರಳು ಬಿದ್ದಿದೆ, ಕೆಳಗೆ "ಡಾಕ್ಟ್ರೇ ನಾರ್ಮಲ್ಲಾ?". ಪರಿಚಯದೋರು, ಫೀಸ್ ಕೇಳಂಗಿಲ್ಲ, ಉತ್ತರ ಕೊಡ್ದೆ ಇದ್ರೆ ಮದ್ವೆ ಮನೇಲಿ ಅವ್ರತ್ತೆ ಕೇಳ್ತಾರೆ. ಇದನ್ನ ಸ್ಟ್ರೆಸ್ ಅಂತ ನಾನ್ಯಾವತ್ತೂ ಕರೆದಿಲ್ಲ. ಅದೇ 2017ರ ನವೆಂಬರಲ್ಲಿ ಕೆಪಿಎಂಇ (ನಮ್ ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೆ) ತಿದ್ದುಪಡಿ ವಿರುದ್ಧ ಕ್ಲಿನಿಕ್ ಮುಚ್ಚಿದ್ವಲ್ಲ, ಆವತ್ತು ಶಟರ್ ಮುಂದೆ ಮಗು ಎತ್ಕೊಂಡು ನಿಂತಿದ್ದೋರ ಮುಖ ಇನ್ನೂ ಕಣ್ಣಲ್ಲಿದೆ. ಹಂಗೆ ಕೇಳಿದ್ರೆ ಮಾತ್ರ ಇದೆಲ್ಲ ಬಾಯಿಗೆ ಬರೋದು.

ಟೇಪ್‌ರೆಕಾರ್ಡರ್:
ಸರ್ ಹೇಳಿದ್ದು ಸರಿ. ಪ್ರಶ್ನೆ ಕೇಳಿದ್ಮೇಲೆ ಬಾಯಿ ಮುಚ್ಕೊಂಡು ಮನಸಲ್ಲೇ ಹತ್ತು ಎಣ್ಸಿ, ನಾವೇ ಗಡಿಬಿಡೀಲಿ ಮಧ್ಯೆ ತುಂಬಿಸ್ಬಿಡ್ತೀವಿ. ಅಸಲಿ ಮಾತು ಬರೋದು ರೆಕಾರ್ಡರ್ ಆಫ್ ಮಾಡಿ ಚಪ್ಪಲಿ ಹಾಕ್ಕೊಳ್ವಾಗ, ಆದ್ರೆ "ಇದನ್ನೂ ಸೇರಿಸ್ಕೊಳ್ಲಾ ಸರ್" ಅಂತ ಕೇಳ್ದೆ ಬಳಸೋ ಹಂಗಿಲ್ಲ. ಇನ್ನೊಂದು, ಕೋಡಿಂಗ್ (ಅಂದ್ರೆ ಅವ್ರು ಆಡಿದ ಮಾತಿಗೆ ವಿಷಯದ ಪ್ರಕಾರ ಹೆಸ್ರು ಕೊಟ್ಟು ವಿಂಗಡಿಸೋದು) ಕನ್ನಡದಲ್ಲೇ ಮಾಡಿ. "ತಲೆ ಕೆಟ್ಟೋಯ್ತು", "ಸಾಕಾಗೋಗಿದೆ", "ಬೇಜಾರಾಯ್ತು" ಮೂರೂ ಇಂಗ್ಲಿಷಿಗೆ ಹೋದ್ರೆ ಒಂದೇ ಸ್ಟ್ರೆಸ್ ಆಗ್ಬಿಡುತ್ತೆ, ಮೊದಲ್ನೇದು ಸಿಟ್ಟು, ಎರಡನೇದು ಕ್ಲಿನಿಕ್ ಬಿಡೋ ಯೋಚ್ನೆ. ಆಮೇಲೆ ದಯವಿಟ್ಟು ಪೋಸ್ಟಿಂದ ಊರ ಹೆಸ್ರು ತೆಗೀರಿ! ಅಷ್ಟು ಸಣ್ಣ ಊರಲ್ಲಿ "ಬಸ್‌ಸ್ಟ್ಯಾಂಡ್ ಹತ್ರದ ಲೇಡಿ ಡಾಕ್ಟ್ರು" ಅಂದ್ರೆ ಹೆಸ್ರು ಹೇಳ್ದಂಗೇ.

ಪಿಜಿ_ಹುಡುಗಿ:
ಅಯ್ಯೋ ಸಾರಿ, ತೆಗ್ದೆ. ಇವತ್ತು ಎರಡೂವರೆಗೆ ಹೋಗಿದ್ದೆ, ಹಂಗೇ ಕೇಳ್ದೆ. ಏನ್ ಹೇಳಿದ್ರು ಅಂತ ಇಲ್ಲಿ ಹಾಕಲ್ಲ, ಆದ್ರೆ 50 ನಿಮಿಷ ಆಯ್ತು, ಟೀ ಆರಿ ಕೆನೆ ಕಟ್ಟಿತ್ತು.