ಕೃಷಿ ರಫ್ತು ಜಾಸ್ತಿಯಾದರೆ ದೇಶ ಬೆಳೆಯುತ್ತಾ? ಕಾಫಿ ಲೆಕ್ಕ ಯಾರಾದರೂ ಬಿಡಿಸಿ ಹೇಳಿ

ಹಾಸನದ ಹುಡುಗಿ:
ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಬಡ ದೇಶ ತನ್ನ ಬೆಳೆ ಮಾರಿದರೆ ಡಾಲರ್ ಬರುತ್ತೆ, ಆ ಡಾಲರ್‌ನಿಂದ ಯಂತ್ರ, ಪೆಟ್ರೋಲು ತರಿಸಬಹುದು, ಹಾಗೆ ಬೆಳವಣಿಗೆ ಆಗುತ್ತೆ ಅಂತ ಪಾಠದಲ್ಲಿದೆ. 2024-25ರಲ್ಲಿ ನಮ್ಮ ಕಾಫಿ ರಫ್ತು 180 ಕೋಟಿ ಡಾಲರ್ ಮುಟ್ಟಿತು. ಅಜ್ಜಿ ಮನೆ ಸಕಲೇಶಪುರದ ಹತ್ತಿರ. ಈಗ ಅಲ್ಲಿ ಮನೆಮನೆಗೂ ಹೊಸ ಹೆಂಚು, ಹೊಸ ಜೀಪು. ಆದರೆ ನಾನು ಹುಟ್ಟಿದ ಹೊತ್ತಿನಲ್ಲಿ ಇದೇ ಕಾಫಿ ಇಟ್ಟುಕೊಂಡು ಎಲ್ಲರೂ ಸಾಲದಲ್ಲಿದ್ದರಂತೆ. ಗಿಡವೂ ಅದೇ, ರಫ್ತೂ ಅದೇ. ಬದಲಾಗಿದ್ದು ಏನು?

ವಿರಾಜಪೇಟೆ ತೋಟ:
ರೇಟು ಬದಲಾಯಿತು ತಂಗಿ, ಬೇರೇನಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು, ಆದರೆ ಕಾಫಿಯ ಎರಡು ಜಾತಿಯಲ್ಲಿ ರೊಬಸ್ಟಾ ರೇಟು ಲಂಡನ್ನಿನಲ್ಲಿ ಕಟ್ಟುತ್ತಾರೆ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಮೊದಲು ಯಾವ ದೇಶ ಎಷ್ಟು ಮಾರಬೇಕು ಅಂತ ಅಂತರರಾಷ್ಟ್ರೀಯ ಒಪ್ಪಂದ ಇತ್ತು, 1989ರಲ್ಲಿ ಅದು ಮುರಿಯಿತು. ಇಲ್ಲಿ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟು ಸೇರಿಸಿ ಮಾರುತ್ತಿದ್ದ ಸರ್ಕಾರಿ ಕಾಫಿ ಬೋರ್ಡಿನ ಪೂಲೂ 90ರ ದಶಕದಲ್ಲಿ ಹೋಯಿತು. ಆಮೇಲೆ ವಿಯೆಟ್ನಾಂ ಮಾಲು ಸುರಿಯಿತು ನೋಡಿ, 2001-02ಕ್ಕೆ ರೇಟು ಪಾತಾಳ ಕಂಡಿತು. ಆ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಹಾಗಂತ ಹಣ್ಣು ಗಿಡದಲ್ಲೇ ಬಿಡೋ ಹಾಗೂ ಇಲ್ಲ, ಬಿಟ್ಟರೆ ಕಾಯಿಕೊರಕ ಹುಳ ಹತ್ತಿ ಮುಂದಿನ ಫಸಲೂ ಹೋಗುತ್ತೆ. ನಷ್ಟ ಅಂತ ಗೊತ್ತಿದ್ದೇ ಅಪ್ಪ ಸಾಲ ತಂದು ಕೊಯ್ಸಿದರು. ಕಣದಲ್ಲಿ ಚೆರ್ರಿ, ಅಂದ್ರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗುತ್ತಾ ಇರುತ್ತಿತ್ತು, ಅಪ್ಪ ಪಕ್ಕದಲ್ಲೇ ಮಾತಿಲ್ಲದೆ ಕೂತಿರುತ್ತಿದ್ದರು. 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಿತ್ತು, ನಮಗೆ ರೇಟು ಸಿಕ್ಕಿತು. ಅವರ ಕಷ್ಟದಿಂದ ಬಂದ ದುಡ್ಡನ್ನ ಬೆಳವಣಿಗೆ ಅನ್ನೋದು ಹೇಗೆ?

ಲೆಕ್ಕದ ಮೇಷ್ಟ್ರು:
ವಿಯೆಟ್ನಾಂ ಬೆಳೆದಿದ್ದು ಬರೀ ಕಾಫಿಯಿಂದಲ್ಲ. 1986ರಲ್ಲಿ ನೀತಿ ಬದಲಿಸಿ ಮೊದಲು ಅಕ್ಕಿ, ಕಾಫಿ ಮಾರಿದರು, ಆಮೇಲೆ ಬಟ್ಟೆ, ಚಪ್ಪಲಿ, ಈಗ ಮೊಬೈಲ್ ಫೋನು. ಬೆಳೆ ಅವರಿಗೆ ಮೊದಲ ಮೆಟ್ಟಿಲಾಯಿತು. ಘಾನಾ, ಐವರಿ ಕೋಸ್ಟ್ ನೋಡಿ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೋಕೋ ಇವೆರಡೇ ದೇಶದ್ದು, ಚಾಕೊಲೇಟ್ ಆಗೋದು ಮಾತ್ರ ಹೆಚ್ಚಾಗಿ ಯುರೋಪಿನಲ್ಲಿ. 2024ರಲ್ಲಿ ಕೋಕೋ ರೇಟು ಟನ್ನಿಗೆ 10,000 ಡಾಲರ್ ದಾಟಿದಾಗಲೂ ಘಾನಾದ ರೈತನಿಗೆ ಅದರ ಚೂರು ಸಿಕ್ಕಿತು ಅಷ್ಟೇ, ಯಾಕಂದ್ರೆ ಅಲ್ಲಿ ರೇಟು ಸರ್ಕಾರಿ ಬೋರ್ಡು ಕಟ್ಟುತ್ತೆ, ಮಾಲನ್ನ ಅದು ಮುಂಚೆಯೇ ಹಳೇ ರೇಟಿಗೆ ಮಾರಿಟ್ಟಿತ್ತು.

ಹಾಸನದ ಹುಡುಗಿ:
ಹಾಗಾದ್ರೆ ಬೀಜ ಮಾರೋದಕ್ಕಿಂತ ಮಾಲು ತಯಾರು ಮಾಡಿ ಮಾರೋದೇ ದಾರಿ ಅಂತೀರಾ?

ತುಮಕೂರು ರೈತ:
ನಮ್ಮಲ್ಲಿ ಮಿಡಿಸೌತೆ ಇದೆ ನೋಡಿ. ಇಲ್ಲಿ ಯಾರೂ ತಿನ್ನಲ್ಲ, ಎಲ್ಲ ಹೊರದೇಶಕ್ಕೇ. ಕಂಪನಿಯೇ ಬೀಜ ಕೊಡುತ್ತೆ, ರೇಟು ಮೊದಲೇ ಹೇಳುತ್ತೆ. ಕಾಯಿ ಸಣ್ಣದಿದ್ದಷ್ಟೂ ರೇಟು ಜಾಸ್ತಿ. ದಿನಾ ಬಿಡಿಸಬೇಕು, ಒಂದು ದಿನ ತಪ್ಪಿದರೆ ದಪ್ಪವಾಗಿ ದನಕ್ಕೆ ಹಾಕೋ ಹಾಗಾಗುತ್ತೆ. ಮೈಮುರಿಯೋ ಕೆಲಸ ಇದು. ಆದರೆ ಉಪ್ಪುನೀರು, ವಿನಿಗರ್‌ಗೆ ಹಾಕಿ ತುಂಬೋ ಕೆಲಸ ಇಲ್ಲೇ ಆಗುತ್ತೆ. ನಮ್ಮೂರಿನ ಹೆಂಗಸರು ಬೆಳಿಗ್ಗೆ ವ್ಯಾನಿನಲ್ಲಿ ಹೋಗಿ ಕಾಯಿ ಆರಿಸಿ ಬರುತ್ತಾರೆ. ಆ ಸಂಬಳ ಊರಿನ ಅಂಗಡಿಯಲ್ಲೇ ಖರ್ಚಾಗುತ್ತೆ.

ವಿರಾಜಪೇಟೆ ತೋಟ:
ತಂಗಿ, ಇನ್ನೊಂದು ಮಾತು. ನಮ್ಮ ದೇಶದ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ವಿಯೆಟ್ನಾಂ, ಉಗಾಂಡಾದಿಂದಲೂ ಬೀಜ ತರಿಸಿ, ಪುಡಿ ಮಾಡಿ ಹೊರಗೆ ಮಾರುತ್ತವೆ. ನೀನು ಹೇಳಿದ 180 ಕೋಟಿಯಲ್ಲಿ ಅದೂ ಸೇರಿದೆ. ಪ್ರಬಂಧ ಬರೆಯೋದಾದ್ರೆ ಮೊದಲು ಅದನ್ನ ಬೇರೆ ತೆಗೆದು ನೋಡು.