ಚಳಿಗಾಲ ಪೂರ್ತಿ ಬ್ರೊಮೀಲಿಯಾಡ್ ಹೊರಗೇ ಇಡಬಹುದಾ? ಬೆಳೆಸಿದವರು ಹೇಳಿ

ಪ್ರಶ್ನೆ: ನಮ್ಮಲ್ಲಿ ಚಳಿಗಾಲದ ಕೆಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅನಾನಸ್ ಕುಟುಂಬದ ಈ ಗಿಡಗಳನ್ನು ವರ್ಷವಿಡೀ ಹೊರಗೇ ಬೆಳೆಸುವ ಆಸೆ. ಯಾವುವು ಬದುಕುತ್ತವೆ? ಮುಚ್ಚಿಡಬೇಕಾ?

ಉತ್ತರ: ಮೊದಲು ಗಿಡ ಯಾವುದು ಅಂತ ನೋಡಿಕೊಳ್ಳಿ. ಮನೆಯೊಳಗೆ ಅಲಂಕಾರಕ್ಕೆ ಇಡುವ ಗುಜ್ಮೇನಿಯಾ, ವ್ರೀಸಿಯಾ ಬೇಡವೇ ಬೇಡ. 10 ಡಿಗ್ರಿಗಿಂತ ಕೆಳಗೆ ಹೋದರೇ ಅವು ಸೊರಗುತ್ತವೆ. ಚಳಿ ತಡೆಯುವವು ಬೇರೆಯೇ ಇವೆ. ಚಿಲಿ ದೇಶದ ಫ್ಯಾಸಿಕ್ಯುಲೇರಿಯಾ, ಆಂಡೀಸ್ ಬೆಟ್ಟಗಳ ಪೂಯಾ, ಬ್ರೆಜಿಲ್ ಕಡೆಯ ಡಿಕಿಯಾ. ಇವುಗಳಲ್ಲಿ ನನಗೆ ಫ್ಯಾಸಿಕ್ಯುಲೇರಿಯಾ ತುಂಬಾ ಇಷ್ಟ. ಹೂ ಬಿಡುವಾಗ ನಡುವಿನ ಎಲೆಗಳು ಕಡುಗೆಂಪಾಗುತ್ತವೆ, ಅದರ ಮಧ್ಯೆ ತಿಳಿನೀಲಿ ಹೂಗಳು. ಪೂಯಾ ನೆಡುವುದಾದರೆ ಓಡಾಡುವ ದಾರಿಯಿಂದ ದೂರ ಇರಲಿ. ಅದರ ಮುಳ್ಳು ಕೊಕ್ಕೆಯ ಹಾಗೆ, ಹಿಡಿದರೆ ಬಿಡುವುದಿಲ್ಲ.

ಚಳಿಗಿಂತ ಜಾಸ್ತಿ ಹೆದರಬೇಕಾದ್ದು ನೀರಿಗೆ. ಫ್ಯಾಸಿಕ್ಯುಲೇರಿಯಾದ ಬೇರು ಒಣಗಿದ್ದರೆ ಸೊನ್ನೆಗಿಂತ 5 ಡಿಗ್ರಿ ಕೆಳಗಿನ ರಾತ್ರಿಯನ್ನೂ ದಾಟಿಬಿಡುತ್ತದೆ. ಅದೇ ಗಿಡ ಒದ್ದೆ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ ಚಳಿಗೇ ಕೊಳೆಯಬಹುದು. ಹಾಗಾಗಿ ಏರಿ ಮಾಡಿ ನೆಡಿ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿ. ಗಿಡವನ್ನು ಸ್ವಲ್ಪ ವಾಲಿಸಿ ನೆಟ್ಟರೆ ಸುಳಿಯಲ್ಲಿ ಮಳೆನೀರು ನಿಲ್ಲುವುದಿಲ್ಲ. ಬುಡದ ಸುತ್ತ ಜಲ್ಲಿ ಹರಡಿ. ಚಳಿಗಾಲದಲ್ಲಿ ಮಳೆ ಬೀಳುವ ಜಾಗವಾದರೆ ಮೇಲೊಂದು ಪಾರದರ್ಶಕ ಹಾಳೆ ಕಟ್ಟಿ, ಸುತ್ತ ಗಾಳಿ ಆಡಲಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಕುಂಡದಲ್ಲಿ ಇಟ್ಟರೆ ಬೇರು ಬೇಗ ಹೆಪ್ಪುಗಟ್ಟುತ್ತದೆ, ನೆಲವೇ ವಾಸಿ. ಬೇಸಿಗೆ ಮುಗಿಯುತ್ತಿದ್ದ ಹಾಗೆ ಗೊಬ್ಬರ ನಿಲ್ಲಿಸಿ. ಎಳೆ ಚಿಗುರು ಚಳಿಗೆ ಮೊದಲು ಬಲಿಯಾಗುತ್ತದೆ.

ಇನ್ನೊಬ್ಬರ ಉತ್ತರ: ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಬಿಲ್ಬರ್ಜಿಯಾ ನ್ಯೂಟಾನ್ಸ್. ಸಾಧಾರಣ ಹಿಮವನ್ನು ತಡೆಯುತ್ತದೆ, ಬುಡದಿಂದ ಮರಿಗಿಡ ಹೊಡೆದು ತಾನೇ ಹಬ್ಬುತ್ತದೆ. ಸದಾ ಹಸಿರಾಗಿರುವ ಮರದ ಕೆಳಗೋ ಸೂರಿನ ಕೆಳಗೋ ಇಡಿ. ಗಾಳಿಯಿಲ್ಲದೆ, ಮೋಡವಿಲ್ಲದೆ ನಕ್ಷತ್ರ ಕಾಣುವ ರಾತ್ರಿಯೇ ಹಿಮ ಜಾಸ್ತಿ, ಅಲ್ವಾ? ನೆಲದ ಶಾಖ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ತಲೆಮೇಲೆ ಎಲೆಯ ಚಪ್ಪರವಿದ್ದರೆ ಸ್ವಲ್ಪ ಶಾಖ ಉಳಿಯುತ್ತದೆ.

ಮುಚ್ಚುವುದಾದರೆ ತೆಳು ಬಟ್ಟೆ ಸಾಕು. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದ ಕಡೆಯೇ ಚಳಿಗೆ ಸುಡುತ್ತದೆ. ಬೆಳಗ್ಗೆ ಹಿಮ ಕರಗಿದ ಮೇಲೆ ತೆಗೆದುಬಿಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಒಂದು ಡಿಕಿಯಾ ಈಗಾಗಲೇ ಕಂದುಬಣ್ಣಕ್ಕೆ ತಿರುಗಿದೆ. ಎಲೆ ಕತ್ತರಿಸಲಾ?

ಮೊದಲು ಉತ್ತರಿಸಿದವರು: ಈಗ ಕತ್ತರಿಸಬೇಡಿ. ಸತ್ತ ಎಲೆಯೂ ಒಳಗಿನದಕ್ಕೆ ಮರೆಯಾಗುತ್ತದೆ. ಕೈಗವಸು ಹಾಕಿಕೊಂಡು ನಡುವಿನ ಎಲೆಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ಸುಮ್ನೆ ಬಿಡಿ. ಕೈಗೆ ಬಂದು ಕೆಟ್ಟ ವಾಸನೆ ಬಂದರೆ ಸುಳಿ ಕೊಳೆತಿದೆ. ಆಗಲೂ ಕಿತ್ತು ಎಸೆಯಬೇಡಿ. ಬುಡ ಗಟ್ಟಿಯಿದ್ದರೆ ಚಳಿ ಕಳೆದ ಮೇಲೆ ಪಕ್ಕದಿಂದ ಮರಿಗಿಡ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಲ್ಲಿಯವರೆಗೆ ಒಂದು ಹನಿ ನೀರೂ ಹಾಕಬೇಡಿ.