ಸೆಲ್ಫ್ ಒತ್ತಿದಾಗ ಕರಕರ ಸದ್ದು: 1972ರ ಹೋಂಡಾ ಸಿಬಿ 350ಕ್ಕೆ ಸಲಹೆ ಬೇಕಾಗಿದೆ

ಬಸವನಗುಡಿಯಿಂದ ಪ್ರಶ್ನೆ:
ನನ್ನ ಸಿಬಿ 350 ಕಿಕ್ ಹೊಡೆದರೆ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತದೆ. ಸೆಲ್ಫ್ ಒತ್ತಿದರೆ ಮಾತ್ರ ಕೆಲವೊಮ್ಮೆ ಮೋಟಾರ್ ರೊಯ್ಯನೆ ತಿರುಗುತ್ತದೆ, ಎಂಜಿನ್ ಅಲುಗುವುದಿಲ್ಲ. ಇನ್ನು ಕೆಲವೊಮ್ಮೆ ಎಡಬದಿಯ ಕವರಿನೊಳಗಿಂದ ಕರಕರ ಸದ್ದು ಬಂದು, ಆಮೇಲೆ ಠಕ್ಕೆಂದು ಹಿಡಿದುಕೊಳ್ಳುತ್ತದೆ. ಸೆಲ್ಫ್ ಮೋಟಾರನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮಲ್ಲೇಶ್ವರದಿಂದ:
ಸರ್, ಸದ್ಯಕ್ಕೆ ಮೋಟಾರನ್ನು ಬಿಚ್ಚಿಸಬೇಡಿ. ಅದು ರೊಯ್ಯನೆ ತಿರುಗುತ್ತಿದೆ ಎಂದರೆ ಬ್ಯಾಟರಿ, ರಿಲೇ (ಮೋಟಾರಿಗೆ ಕರೆಂಟ್ ಹರಿಸುವ ಸ್ವಿಚ್), ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ. ಆ ತಿರುಗುವಿಕೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿಗೆ ಮುಟ್ಟುತ್ತಿಲ್ಲ, ಅಷ್ಟೆ. ಈ ಗಾಡಿಯಲ್ಲಿ ಮೋಟಾರಿನಿಂದ ಹೊರಟ ಸಣ್ಣ ಚೈನು ಎಡಬದಿಯಲ್ಲಿ ಕ್ರ್ಯಾಂಕಿನ ತುದಿಗೆ ಕೂರಿಸಿದ ಮ್ಯಾಗ್ನೆಟ್ಟಿನ ಹಿಂದಿರುವ ಸ್ಪ್ರಾಕೆಟ್ಟನ್ನು (ಹಲ್ಲುಚಕ್ರವನ್ನು) ತಿರುಗಿಸುತ್ತದೆ. ಸ್ಪ್ರಾಕೆಟ್ಟಿನ ಕುತ್ತಿಗೆಗೂ ಮ್ಯಾಗ್ನೆಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ ಕ್ಲಚ್ ಬಾಡಿಗೂ ನಡುವೆ ಮೂರು ರೋಲರುಗಳಿದ್ದು, ಪುಟ್ಟ ಸ್ಪ್ರಿಂಗುಗಳು ಅವನ್ನು ಕಿರಿದಾಗುತ್ತ ಹೋಗುವ ಸಂದಿಗೆ ತಳ್ಳುತ್ತಿರುತ್ತವೆ. ಮೋಟಾರ್ ತಿರುಗಿಸಿದಾಗ ರೋಲರುಗಳು ಸಂದಿಯಲ್ಲಿ ಬಿಗಿಯಾಗಿ ಕಚ್ಚಿಕೊಳ್ಳಬೇಕು. ಎಂಜಿನ್ ಸ್ಟಾರ್ಟ್ ಆಗಿ ಕ್ರ್ಯಾಂಕಿನ ವೇಗ ಹೆಚ್ಚಿದೊಡನೆ ಸಡಿಲಗೊಂಡು, ಚೈನು ನಿಂತುಬಿಡಬೇಕು. ಕಚ್ಚಿಕೊಳ್ಳದೆ ಜಾರಿದಾಗ ಬರುವುದೇ ನಿಮ್ಮ ಕರಕರ ಸದ್ದು.

ಕವರ್ ತೆಗೆದು, ಮ್ಯಾಗ್ನೆಟ್ಟನ್ನು ಪುಲ್ಲರಿನಿಂದಲೇ ಎಳೆಯಿರಿ. ಸುತ್ತಿಗೆಯಿಂದ ಬಡಿದರೆ ಆಯಸ್ಕಾಂತದ ಶಕ್ತಿ ಕುಂದುವುದಲ್ಲದೆ ಕ್ರ್ಯಾಂಕಿಗೂ ಪೆಟ್ಟು ಬೀಳಬಹುದು. ರೋಲರುಗಳನ್ನು ಬೆರಳ ನಡುವೆ ಹೊರಳಿಸಿ ನೋಡಿ: ಒಂದು ಬದಿ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಅದರ ಆಯಸ್ಸು ಮುಗಿದಂತೆಯೇ. ಸ್ಪ್ರಾಕೆಟ್ಟಿನ ಕುತ್ತಿಗೆಯ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಎಲ್ಲಿಯಾದರೂ ಸಿಕ್ಕಿಕೊಂಡರೆ ಅಲ್ಲಿ ಗುಳಿ ಬಿದ್ದಿದೆ ಎಂದರ್ಥ, ಹೊಸ ರೋಲರ್ ಹಾಕಿದರೂ ಸ್ವಲ್ಪ ದಿನದಲ್ಲೇ ಮತ್ತೆ ಜಾರುತ್ತದೆ. ಕ್ಲಚ್ ಬಾಡಿಯನ್ನು ಹಿಡಿದಿರುವ ಮೂರು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿದ್ದರೂ ಇದೇ ಬಗೆಯ ಸದ್ದು ಬರುತ್ತದೆ. ಅವುಗಳ ತಲೆ ಜಪಾನೀ ಅಳತೆಯದಾದ್ದರಿಂದ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದನ್ನು ತಿಂದುಹಾಕುತ್ತದೆ. ಸರಿಯಾದ ಬಿಟ್ ಇರುವ ಇಂಪ್ಯಾಕ್ಟ್ ಡ್ರೈವರನ್ನೇ ಬಳಸಿ. ಮತ್ತೆ ಕೂರಿಸುವಾಗ ಹಳೆಯ ಅಂಟನ್ನು ಕೆರೆದು, ಎಣ್ಣೆಯ ಪಸೆ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು (ಥ್ರೆಡ್ ಲಾಕ್) ಹಚ್ಚಿರಿ.

ಜಯನಗರದಿಂದ:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ರೋಲರುಗಳು ಹಾಳಾದದ್ದು ಏಕೆ ಎಂದು ನೋಡದೆ ಹೊಸದನ್ನು ಹಾಕಿಸಿದರೆ ಹಣ ನೀರುಪಾಲು. ಸೆಲ್ಫ್ ಒತ್ತಿದಾಗ ಎಂಜಿನ್ ಎಂದಾದರೂ ಹಿಂದಕ್ಕೆ ಒದೆಯುತ್ತದೆಯೇ? ಕಿಡಿ ಬೇಗನೆ ಹಾರಿದರೆ ಕ್ರ್ಯಾಂಕ್ ಹಿಮ್ಮುಖವಾಗಿ ಎಳೆಯುತ್ತದೆ, ಆ ಹೊಡೆತವೆಲ್ಲ ಬೀಳುವುದು ಕಚ್ಚಿಕೊಂಡಿರುವ ಆ ಮೂರು ರೋಲರುಗಳ ಮೇಲೆ. ಇದರಲ್ಲಿ ಕಿಡಿ ಹಾರುವ ಹೊತ್ತನ್ನು ನಿರ್ಧರಿಸುವ ಪಾಯಿಂಟ್ (ತೆರೆದು ಮುಚ್ಚುವ ಸಂಪರ್ಕ) ಸಿಲಿಂಡರಿಗೊಂದರಂತೆ ಎರಡು ಸೆಟ್ ಇರುವುದರಿಂದ ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು: ಗ್ಯಾಪ್ 0.3ರಿಂದ 0.4 ಮಿಲಿಮೀಟರ್ ಒಳಗಿರಲಿ, ಆಮೇಲೆ ಮ್ಯಾಗ್ನೆಟ್ಟಿನ ಮೇಲಿರುವ ಗುರುತುಗಳಲ್ಲಿ ಎಡ ಸಿಲಿಂಡರಿಗೆ ಎಲ್‌ಎಫ್, ಬಲಕ್ಕೆ ಎಫ್ ಗುರುತು ಹೊಂದಿಸಿ. ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಬೇಗ ಹಾರಿಸುವ ಅಡ್ವಾನ್ಸರಿನ ಸ್ಪ್ರಿಂಗುಗಳು ಸೋತಿದ್ದರೆ ತೂಕಗಳು ಹೊರಗೇ ನಿಂತು, ಸ್ಟಾರ್ಟ್ ಮಾಡುವಾಗಲೇ ಟೈಮಿಂಗ್ ಮುಂದೆ ಹೋಗಿರುತ್ತದೆ. ಕಿಕ್ ಹೊಡೆಯುವಾಗ ಕಾಲಿಗೆ ತಿರುಗೇಟು ಬೀಳುತ್ತಿದ್ದರೆ ಅದೂ ಇದೇ ಸುಳಿವು.

ವಿಲ್ಸನ್ ಗಾರ್ಡನ್‌ನಿಂದ:
ಎಲ್ಲ ಸದ್ದೂ ರೋಲರಿನದಲ್ಲ. ಟಕಟಕ ಎಂದು ರಿಲೇ ಬಡಿದುಕೊಂಡು ಮೋಟಾರ್ ತಿರುಗದಿದ್ದರೆ ಬ್ಯಾಟರಿ ಅಥವಾ ಅರ್ಥ್ ವೈರಿನ ದೋಷ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಒತ್ತಿ ಹಿಡಿದಾಗ 10ಕ್ಕಿಂತ ಬಹಳ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನೂ ಕೇಬಲಿನ ಬಿಗಿತವನ್ನೂ ನೋಡಿ. ಎಂಜಿನ್ ಸ್ಟಾರ್ಟ್ ಆಗಿ ಗುಂಡಿ ಬಿಟ್ಟ ಮೇಲೂ ಮೋಟಾರ್ ಕೂಗುತ್ತಿದ್ದರೆ ರಿಲೇಯ ಸಂಪರ್ಕಗಳು ಅಂಟಿಕೊಂಡಿರಬಹುದು, ಕೂಡಲೇ ಬ್ಯಾಟರಿ ತಂತಿ ಬಿಚ್ಚಿ.

ಬಸವನಗುಡಿಯಿಂದ:
ಎಲ್ಲರಿಗೂ ಧನ್ಯವಾದ. ಸೆಲ್ಫ್ ಒತ್ತಿದಾಗ 10.6 ವೋಲ್ಟ್ ಇದೆ. ಎಡಗಡೆಯ ಟೈಮಿಂಗ್ ಬಹಳ ಮುಂದಿತ್ತು. ಎರಡು ರೋಲರುಗಳು ಚಪ್ಪಟೆಯಾಗಿವೆ, ಕುತ್ತಿಗೆ ಮಾತ್ರ ನುಣುಪಾಗಿದೆ. ಬಿಡಿಭಾಗ ಎಲ್ಲಿ ಕೇಳಲಿ?

ಮಲ್ಲೇಶ್ವರದಿಂದ:
ಕುತ್ತಿಗೆ ಉಳಿದದ್ದು ನಿಮ್ಮ ಅದೃಷ್ಟ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಬರೀ ಸಿಬಿ 350 ಎಂದರೆ 2020ರಲ್ಲಿ ಬಂದ ಹೊಸ ಗಾಡಿಯ ಸಾಮಾನನ್ನೇ ಮುಂದಿಡುತ್ತಾರೆ, ಅದು ಇದಕ್ಕೆ ಕೂರುವುದಿಲ್ಲ. ಹಳೆಯ ರೋಲರ್, ಸ್ಪ್ರಿಂಗ್, ಸ್ಪ್ರಿಂಗಿನ ಕ್ಯಾಪ್ ಕೈಯಲ್ಲಿಟ್ಟುಕೊಂಡು ಹೋಗಿ, ಅಳತೆ ಹೊಂದಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿ. ಲೇತಿನಲ್ಲಿ ಮೆದು ಕಬ್ಬಿಣದ ರೋಲರ್ ಮಾಡಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಗಡಸುಗೊಳಿಸದ ಉಕ್ಕು ಇಲ್ಲಿ ನಿಲ್ಲುವುದಿಲ್ಲ. ಜೋಡಿಸಿದ ಮೇಲೆ, ಚೈನು ಹಾಕುವ ಮುನ್ನ ಸ್ಪ್ರಾಕೆಟ್ಟನ್ನು ಕೈಯಿಂದ ತಿರುಗಿಸಿ: ಒಂದು ಕಡೆಗೆ ಸರಾಗವಾಗಿ ತಿರುಗಿ, ಇನ್ನೊಂದು ಕಡೆಗೆ ತಟ್ಟನೆ ಹಿಡಿದುಕೊಳ್ಳಬೇಕು.